ಬ್ರಿಟನ್ನಿನ ಸಿಡಿಎಂ ನಿಯಮಗಳಲ್ಲಿ ಪ್ರಿನ್ಸಿಪಲ್ ಡಿಸೈನರ್ ಹೊಣೆ ಯಾರದು?

ಬೆಂಗಳೂರಿನ ವಿನ್ಯಾಸ ಕಚೇರಿಯೊಂದರಿಂದ ಇಂಗ್ಲೆಂಡಿನ ಕಟ್ಟಡವೊಂದರ ನವೀಕರಣಕ್ಕೆ ನಕ್ಷೆ ತಯಾರಿಸುತ್ತಿರುವುದಾಗಿ ನೀವು ಬರೆದಿದ್ದೀರಿ. ಸಿಡಿಎಂ, ಅಂದರೆ ಕನ್‌ಸ್ಟ್ರಕ್ಷನ್ (ಡಿಸೈನ್ ಅಂಡ್ ಮ್ಯಾನೇಜ್‌ಮೆಂಟ್), ಎಂಬುದು ನಿರ್ಮಾಣ ಕೆಲಸದಲ್ಲಿ ಆರೋಗ್ಯ ಮತ್ತು ಸುರಕ್ಷತೆಯನ್ನು ಕಾಪಾಡುವ ನಿಯಮಗಳ ಹೆಸರು. ಹಳೆಯ ಕಡತದಲ್ಲಿ ಸಿಡಿಎಂ ಕೋಆರ್ಡಿನೇಟರ್ ಎಂದಿರುವ ಕಡೆ ಈಗಿನ ಪತ್ರಗಳಲ್ಲಿ ಪ್ರಿನ್ಸಿಪಲ್ ಡಿಸೈನರ್ ಎಂದಿದೆ. ಇವೆರಡೂ ಒಂದೇ ಹುದ್ದೆಯೇ, ಆ ಕೆಲಸವನ್ನು ಸುರಕ್ಷತಾ ಸಲಹೆಗಾರರೊಬ್ಬರಿಗೆ ಒಪ್ಪಿಸಿ ವಿನ್ಯಾಸಕಾರರು ನಿಶ್ಚಿಂತರಾಗಿರಬಹುದೇ ಎಂಬುದು ನಿಮ್ಮ ಪ್ರಶ್ನೆ. ಇಂಗ್ಲೆಂಡಿನಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಹೇಳುವುದಾದರೆ, ಎರಡೂ ಒಂದೇ ಅಲ್ಲ; ಸಲಹೆಗಾರರನ್ನು ನೇಮಿಸಿಕೊಳ್ಳಬಹುದು, ಆದರೆ ಹೊಣೆ ಅವರೊಂದಿಗೆ ಹೋಗುವುದಿಲ್ಲ.

1994ರ ನಿಯಮಗಳು ಪ್ಲಾನಿಂಗ್ ಸೂಪರ್‌ವೈಸರ್ ಎಂಬ ಪಾತ್ರವನ್ನು ತಂದವು. 2007ರಲ್ಲಿ ಅದರ ಸ್ಥಾನಕ್ಕೆ ಸಿಡಿಎಂ ಕೋಆರ್ಡಿನೇಟರ್ ಬಂದರು. ಕಟ್ಟಿಸುವವರಿಗೆ, ಅಂದರೆ ಕ್ಲೈಂಟ್‌ಗೆ, ಸಲಹೆ ನೀಡುವುದು, ವಿನ್ಯಾಸಕಾರರ ನಡುವೆ ಸಮನ್ವಯ ಸಾಧಿಸುವುದು, ಆರೋಗ್ಯ ಮತ್ತು ಸುರಕ್ಷತೆಯ ಕಡತವನ್ನು ಸಿದ್ಧಪಡಿಸುವುದು ಅವರ ಕೆಲಸವಾಗಿತ್ತು. ಇವು ಮುಖ್ಯವಾದ ಕೆಲಸಗಳೇ. ಆದರೆ ಅನೇಕ ಯೋಜನೆಗಳಲ್ಲಿ ಅವರನ್ನು ತಡವಾಗಿ ನೇಮಿಸಲಾಗುತ್ತಿತ್ತು. ವಿನ್ಯಾಸದ ದೊಡ್ಡ ತೀರ್ಮಾನಗಳೆಲ್ಲ ಮುಗಿದ ಮೇಲೆ ಅವರ ಕೈಗೆ ಉಳಿಯುತ್ತಿದ್ದುದು ಕಾಗದಪತ್ರ ಮಾತ್ರ.

2015ರ ಏಪ್ರಿಲ್ 6ರಂದು ಜಾರಿಗೆ ಬಂದ ಹೊಸ ನಿಯಮಗಳು ಈ ಪಾತ್ರವನ್ನೇ ತೆಗೆದುಹಾಕಿ, ನಡೆಯುತ್ತಿದ್ದ ಯೋಜನೆಗಳಿಗೆ ಅದೇ ವರ್ಷದ ಅಕ್ಟೋಬರ್ 6ರವರೆಗೆ ಕಾಲಾವಕಾಶ ನೀಡಿದವು. ಪ್ರಿನ್ಸಿಪಲ್ ಡಿಸೈನರ್ ಆಗುವವರು ಸ್ವತಃ ವಿನ್ಯಾಸಕಾರರಾಗಿರಬೇಕು ಮತ್ತು ನಿರ್ಮಾಣಪೂರ್ವ ಹಂತದ ಮೇಲೆ ಅವರಿಗೆ ನಿಯಂತ್ರಣವಿರಬೇಕು. ಬದಲಾವಣೆಯ ತಿರುಳು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಉದಾಹರಣೆ ನೋಡಿ: ಚಾವಣಿಯ ಅಂಚಿನಲ್ಲಿ ಹವಾನಿಯಂತ್ರಣ ಯಂತ್ರವನ್ನು ಇಡುವಂತೆ ನಕ್ಷೆ ಬರೆದರೆ, ಮುಂದೆ ಅದನ್ನು ದುರಸ್ತಿ ಮಾಡುವ ಪ್ರತಿಯೊಬ್ಬ ಕೆಲಸಗಾರನೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡೇ ಅಲ್ಲಿಗೆ ಹೋಗಬೇಕಾಗುತ್ತದೆ. ಯಂತ್ರವನ್ನು ಒಳಕ್ಕೆ ಸರಿಸಿದರೆ, ಅಥವಾ ಸುತ್ತಲಿನ ಪ್ಯಾರಪೆಟ್ ಗೋಡೆಯನ್ನು ಸಾಕಷ್ಟು ಎತ್ತರಿಸಿದರೆ, ಬೀಳುವ ಅಪಾಯ ನಕ್ಷೆಯಲ್ಲೇ ನಿವಾರಣೆಯಾಗುತ್ತದೆ. ಸಲಹೆಗಾರರು ಇದನ್ನು ಸೂಚಿಸಬಹುದು. ಗೆರೆಯನ್ನು ಸರಿಸುವ ಅಧಿಕಾರ ಇರುವುದು ವಿನ್ಯಾಸ ತಂಡವನ್ನು ಮುನ್ನಡೆಸುವವರಿಗೆ. ಆದ್ದರಿಂದ ಅಧಿಕಾರ ಇರುವಲ್ಲಿಯೇ ಹೊಣೆಯನ್ನು ಇಟ್ಟದ್ದು ಸರಿಯೆಂದೇ ನಾನು ನಂಬುತ್ತೇನೆ.

ವ್ಯಾಪ್ತಿಯೂ ಹಿಗ್ಗಿತು. ಹಿಂದೆ ಸರ್ಕಾರಕ್ಕೆ ಸೂಚನೆ ನೀಡಬೇಕಾದಷ್ಟು ದೊಡ್ಡ ಯೋಜನೆಗಳಿಗೆ ಮಾತ್ರ ಕೋಆರ್ಡಿನೇಟರ್ ಬೇಕಾಗಿತ್ತು. ಈಗ ಒಬ್ಬರಿಗಿಂತ ಹೆಚ್ಚು ಗುತ್ತಿಗೆದಾರರು ಕೆಲಸ ಮಾಡುವ ಸಾಧ್ಯತೆ ಕಂಡರೂ ಸಾಕು, ಕ್ಲೈಂಟ್ ಲಿಖಿತವಾಗಿ ಪ್ರಿನ್ಸಿಪಲ್ ಡಿಸೈನರ್ ಅನ್ನು ನೇಮಿಸಲೇಬೇಕು. ನೇಮಿಸದಿದ್ದರೆ ಆ ಕರ್ತವ್ಯಗಳು ಕ್ಲೈಂಟ್ ಮೇಲೆಯೇ ಬೀಳುತ್ತವೆ. ಸ್ವಂತ ಮನೆ ಕಟ್ಟಿಸುವವರಿಗೆ ನಿಯಮ ಬೇರೆ, ಅದು ನಿಮ್ಮ ಯೋಜನೆಗೆ ಸಂಬಂಧಿಸಿದ್ದಲ್ಲ. ಎಫ್10 ಎಂಬ ಸೂಚನಾ ಪತ್ರವನ್ನು ಸಲ್ಲಿಸುವ ಹೊಣೆ ಕೋಆರ್ಡಿನೇಟರ್ ಅವರಿಂದ ಕ್ಲೈಂಟ್‌ಗೆ ವರ್ಗವಾಯಿತು.

ಹಳೆಯ ಕೋಆರ್ಡಿನೇಟರ್‌ಗಳಲ್ಲಿ ಅನೇಕರು ಇಂದು ಸಿಡಿಎಂ ಸಲಹೆಗಾರರಾಗಿ ಕೆಲಸ ಮಾಡುತ್ತಿದ್ದಾರೆ. ಅವರ ಅನುಭವ ಬೆಲೆಬಾಳುವಂಥದ್ದು, ಅದನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅಂತಹ ಪಾತ್ರವನ್ನು ಈ ನಿಯಮಗಳು ಗುರುತಿಸುವುದಿಲ್ಲ. ವಾಸ್ತುಶಿಲ್ಪ ಸಂಸ್ಥೆಯೊಂದು ನೇಮಕವನ್ನು ಒಪ್ಪಿಕೊಂಡು ಕೆಲಸವನ್ನೆಲ್ಲ ಹೊರಗಿನವರಿಗೆ ಕೊಟ್ಟರೂ, ಉತ್ತರ ಹೇಳಬೇಕಾದವರು ಆ ಸಂಸ್ಥೆಯವರೇ.

ಇನ್ನೊಂದು ವಿಷಯವನ್ನು ಇದರೊಡನೆ ಬೆರೆಸಿಕೊಳ್ಳಬೇಡಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನರು ಪ್ರಾಣ ಕಳೆದುಕೊಂಡ ನಂತರ 2022ರ ಕಟ್ಟಡ ಸುರಕ್ಷತಾ ಕಾಯ್ದೆ ಬಂದಿತು. ಅದರ ಮುಂದುವರಿಕೆಯಾಗಿ 2023ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಕಟ್ಟಡ ನಿಯಮಗಳ ಅಡಿಯಲ್ಲಿಯೂ ಪ್ರಿನ್ಸಿಪಲ್ ಡಿಸೈನರ್ ಎಂಬ ಪಾತ್ರವಿದೆ. ಸಿಡಿಎಂ ಅಡಿಯ ಪಾತ್ರ ನೋಡುವುದು ಕಟ್ಟುವವರ, ಮುಂದೆ ನಿರ್ವಹಣೆ ಮಾಡುವವರ ಆರೋಗ್ಯ ಮತ್ತು ಸುರಕ್ಷತೆಯನ್ನು. ಎರಡನೆಯದು ನೋಡುವುದು ವಿನ್ಯಾಸವು ಅಗ್ನಿ ಸುರಕ್ಷತೆಯೂ ಸೇರಿದಂತೆ ಕಟ್ಟಡ ನಿಯಮಗಳಿಗೆ ಹೊಂದುತ್ತದೆಯೇ ಎಂಬುದನ್ನು. ಒಬ್ಬರೇ ಎರಡನ್ನೂ ವಹಿಸಿಕೊಳ್ಳಬಹುದಾದರೂ, ಎರಡಕ್ಕೂ ಬೇಕಾದ ಸಾಮರ್ಥ್ಯ ಅವರಲ್ಲಿರಬೇಕು. ನಿಮ್ಮ ಪತ್ರಗಳಲ್ಲಿರುವ ನೇಮಕ ಇವೆರಡರಲ್ಲಿ ಯಾವುದು ಎಂದು ಮೊದಲು ಕೇಳಿ ತಿಳಿದುಕೊಳ್ಳಿ.

ಕೊನೆಯದಾಗಿ ನಿಮ್ಮ ಕಚೇರಿಯ ಬಗ್ಗೆ. ವಿನ್ಯಾಸವನ್ನು ಬ್ರಿಟನ್ನಿನ ಹೊರಗೆ ತಯಾರಿಸಿದಾಗ, ವಿನ್ಯಾಸಕಾರರ ಕರ್ತವ್ಯಗಳು ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು 2015ರ ನಿಯಮಗಳು ಅಲ್ಲಿ ನೆಲೆಗೊಂಡಿದ್ದು ಆ ಕೆಲಸವನ್ನು ನಿಮಗೆ ವಹಿಸಿದವರ ಮೇಲೆ, ಅಂಥವರು ಇಲ್ಲದಿದ್ದರೆ ಕ್ಲೈಂಟ್ ಮೇಲೆ ಹೊರಿಸುತ್ತವೆ. ಹಾಗಾಗಿ ಉಳಿದಿರುವ ಅಪಾಯಗಳನ್ನು ನಕ್ಷೆಯಲ್ಲೇ ಸ್ಪಷ್ಟವಾಗಿ ಗುರುತಿಸುವಂತೆ ಅವರು ನಿಮ್ಮನ್ನು ಕೇಳುತ್ತಾರೆ. ಕೇಳುವ ಮೊದಲೇ ನೀವು ಗುರುತಿಸಿ ಕಳುಹಿಸಿ, ಅವನ್ನು ಯಾರು ಪರಿಶೀಲಿಸುತ್ತಾರೆ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.