ಡಬ್ಬಿಂಗ್ ತಡೆಯೋಕೆ ಕಾನೂನು ಇತ್ತಾ?

ಹಿಂದಿ ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಅಂತ ಕಾನೂನು ಇತ್ತಾ ಅಂತ ಕೇಳಿದ್ದೀರಿ. ಇರಲಿಲ್ಲ. ಅದು ಚಿತ್ರರಂಗ ತಾನೇ ಹಾಕಿಕೊಂಡ ಕಟ್ಟುಪಾಡು. 1960ರ ದಶಕದಲ್ಲಿ ಅದಕ್ಕೆ ಕಾರಣವೂ ಇತ್ತು. ಕನ್ನಡ ಸಿನಿಮಾಗಳು ಹೆಚ್ಚಾಗಿ ಮದ್ರಾಸಿನಲ್ಲೇ ತಯಾರಾಗುತ್ತಿದ್ದವು. ಡಬ್ ಆದ ಚಿತ್ರಗಳು ಬಂದರೆ ನಮ್ಮ ಕಲಾವಿದರಿಗೆ ಕೆಲಸವೇ ಸಿಗೋದಿಲ್ಲ ಅನ್ನೋ ಭಯ. ಕಾದಂಬರಿಕಾರ ಅನಕೃ ಅಂಥವರು ಬೀದಿಗೆ ಇಳಿದು ಹೋರಾಡಿದರು. ಆ ಹೋರಾಟದ ಬಗ್ಗೆ ನನಗೆ ಗೌರವ ಇದೆ.

ಆದರೆ ಬೆಲೆ ತೆತ್ತವರು ನೋಡುಗರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಹಳೇ ಹುಬ್ಬಳ್ಳಿಯ ನಮ್ಮ ಮನೆ ತುಂಬ ಜನ. ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಕೈಮುಗಿದು ಕೂತು, "ಈಗ ಏನಂದ?" ಅಂತ ಮಾತುಮಾತಿಗೂ ನನ್ನನ್ನು ಕೇಳುತ್ತಿದ್ದಳು. ನನಗೂ ಅರ್ಧವೇ ತಿಳಿಯುತ್ತಿತ್ತು.

2012ರಲ್ಲೂ ಅದೇ ಕಥೆ. ಆಮಿರ್ ಖಾನ್ ನಡೆಸಿಕೊಟ್ಟ ಹಿಂದಿ ಟಿವಿ ಕಾರ್ಯಕ್ರಮ ಸತ್ಯಮೇವ ಜಯತೆ ಬೇರೆ ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಟಿವಿಗೆ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿ ಆಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆ ತಪ್ಪು ಅಂತ ಹೇಳಿ, ತಡೆ ಒಡ್ಡಿದ ಸಂಘಗಳಿಗೆ ದಂಡವನ್ನೂ ಹಾಕಿತು.

ಈಗ ಡಬ್ಬಿಂಗ್ ಜಾಸ್ತಿ ಆಗಿದೆ. ಆದರೆ ಕೇಳಿಸೋದು ಬೆಂಗಳೂರು ಕಡೆಯ ಕನ್ನಡವೇ. ನಮ್ಮ ಧಾರವಾಡದ ಮಾತು ಹೆಚ್ಚಾಗಿ ನಗಿಸೋ ಪಾತ್ರಕ್ಕೇ ಮೀಸಲು. ಇದನ್ನೂ ನಾವು ಕೇಳಬೇಕು ಅಲ್ವಾ?