ನಾಣ್ಯದ ಚಿತ್ರ ಮುದ್ರಿಸಲು ಯಾರ ಅನುಮತಿ ಬೇಕು?

ಪ್ರಶ್ನೆ: ಬಾರ್ಕೂರಿನ ಆಳುಪರ ಕಾಲದಿಂದ ಇಂದಿನವರೆಗಿನ ನಾಣ್ಯಗಳ ಬಗ್ಗೆ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ಮಾರಬೇಕೆಂದಿದ್ದೇನೆ. ಅಂತರ್ಜಾಲದಲ್ಲಿ ಸಿಗುವ ಚಿತ್ರಗಳನ್ನು ಬಳಸಬಹುದೇ? ಮುಖಪುಟಕ್ಕೆ ಸಿಂಹಲಾಂಛನದ ರೂಪಾಯಿಯನ್ನು ದೊಡ್ಡದಾಗಿ ಹಾಕಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇಲ್ಲಿ ನಾಣ್ಯದ ವಿನ್ಯಾಸದ ಮೇಲಿನ ಹಕ್ಕು ಬೇರೆ, ಅದರ ಛಾಯಾಚಿತ್ರದ ಮೇಲಿನ ಹಕ್ಕು ಬೇರೆ. ಜೋಡಿ ಮೀನಿನ ಗುರುತಿರುವ ಆಳುಪರ ಚಿನ್ನದ ನಾಣ್ಯದ ವಿನ್ಯಾಸಕ್ಕೆ ಇಂದು ಯಾವ ಹಕ್ಕುಸ್ವಾಮ್ಯವೂ ಇಲ್ಲ. ಆದರೆ ಅದೇ ನಾಣ್ಯವನ್ನು ಮೊನ್ನೆ ಯಾರೋ ತೆಗೆದು ಅಂತರ್ಜಾಲಕ್ಕೆ ಏರಿಸಿದ ಫೋಟೊ, ತೆಗೆದವರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಇನ್ನೂ 60 ವರ್ಷವೂ ರಕ್ಷಣೆಯಲ್ಲಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆದ್ದರಿಂದ ಸಂಗ್ರಾಹಕರ ಒಪ್ಪಿಗೆ ಪಡೆದು ಫೋಟೊಗಳನ್ನು ನೀವೇ ತೆಗೆಯಿರಿ. ಬೆಳಕು ಬದಿಯಿಂದ ಓರೆಯಾಗಿ ಬಿದ್ದರೆ ಸವೆದ ಮೀನಿನ ಗೆರೆಗಳೂ ಎದ್ದು ಕಾಣುತ್ತವೆ.

ಸ್ವತಂತ್ರ ಭಾರತದ ನಾಣ್ಯಗಳ ವಿನ್ಯಾಸವು 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರಿ ಕೃತಿಯಾಗಿದ್ದು, ಅದಕ್ಕೆ ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳ ಅವಧಿಯಿದೆ. ಅಂದರೆ 1950ರ ಆಣೆಗಳ ಮತ್ತು 1957ರ ನಯಾ ಪೈಸೆಗಳ ವಿನ್ಯಾಸದ ಅವಧಿ ಮುಗಿದಿದೆ. 1969ರ ಗಾಂಧಿ ಜನ್ಮಶತಮಾನೋತ್ಸವದ ನಾಣ್ಯಗಳ ಅವಧಿ ಮುಗಿಯುವುದು 2029ರ ಕೊನೆಗೆ. ಅವಧಿ ಮುಗಿಯದ ನಾಣ್ಯವನ್ನೂ ಅದರ ವಿಮರ್ಶೆಗೆ ಬೇಕಾದಷ್ಟು ಮಟ್ಟಿಗೆ, ಬರಹದ ಪಕ್ಕದಲ್ಲಿ ತೋರಿಸಲು ಕಾಯ್ದೆಯ 52ನೇ ಕಲಂ ನ್ಯಾಯೋಚಿತ ಬಳಕೆಯ ಅವಕಾಶ ಕೊಡುತ್ತದೆ. ಕೇವಲ ಅಲಂಕಾರಕ್ಕೆ ಮುಖಪುಟದಲ್ಲಿ ಹಾಕುವುದನ್ನು ಅದರಡಿ ಸಮರ್ಥಿಸಿಕೊಳ್ಳುವುದು ಕಷ್ಟ.

ಸಿಂಹಲಾಂಛನಕ್ಕೆ ಇನ್ನೊಂದು ತೊಡಕಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದರೂ, ವ್ಯಾಪಾರಕ್ಕಾಗಿ ಅಥವಾ ಸರ್ಕಾರದ ಪ್ರಕಟಣೆಯೆಂಬ ಭಾವನೆ ಬರುವಂತೆ ರಾಷ್ಟ್ರಲಾಂಛನವನ್ನು ಬಳಸುವುದನ್ನು 2005ರ ಪ್ರತ್ಯೇಕ ಕಾಯ್ದೆಯೊಂದು ನಿಷೇಧಿಸುತ್ತದೆ. ಮಾರಾಟದ ಪುಸ್ತಿಕೆಯ ಮುಖಪುಟದಲ್ಲಿ ಅದನ್ನು ದೊಡ್ಡದಾಗಿ ಹಾಕದಿರುವುದೇ ಕ್ಷೇಮ. ನಮ್ಮ ತುಳುನಾಡಿನದೇ ಜೋಡಿ ಮೀನು ಇರುವಾಗ ಮುಖಪುಟಕ್ಕೆ ಅದಕ್ಕಿಂತ ಒಪ್ಪುವ ಚಿತ್ರ ಬೇರೆ ಯಾವುದಿದೆ?

ಪ್ರಶ್ನೆ: ಪೋಸ್ಟರಿನಲ್ಲಿ ಯೂರೋ ನಾಣ್ಯದ ಚಿತ್ರ ಬರೆಯಬಹುದೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬರೆಯಬಹುದು. ಎಲ್ಲ ಯೂರೋ ದೇಶಗಳಿಗೂ ಸಮಾನವಾದ ಮುಖದ ಹಕ್ಕುಸ್ವಾಮ್ಯ ಐರೋಪ್ಯ ಒಕ್ಕೂಟದ್ದಾದರೂ, ಅದನ್ನು ಮೂಲಕ್ಕೆ ನಿಷ್ಠವಾಗಿ, ಯೂರೋದ ಗೌರವಕ್ಕೆ ಕುಂದು ಬಾರದಂತೆ ಕಾಗದದ ಮೇಲೆ ಚಪ್ಪಟೆ ಚಿತ್ರವಾಗಿ ತೋರಿಸಲು ಅನುಮತಿ ಬೇಡ. ಇನ್ನೊಂದು ಮುಖಕ್ಕೆ ಆಯಾ ದೇಶದ ನಿಯಮ ಅನ್ವಯಿಸುತ್ತದೆ. ಲೋಹದಲ್ಲಿ ನಾಣ್ಯದ ಪ್ರತಿಕೃತಿ ಎರಕ ಹೊಯ್ಯುವ ಯೋಚನೆ ಮಾತ್ರ ಬೇಡ.