ಅಪಘಾತದಲ್ಲಿ ಸಾವು: ಸಹಿ ಹಾಕುವ ಮುನ್ನ ಲೆಕ್ಕ ಹಾಕಿ

ಪ್ರಶ್ನೆ: ಲಾರಿ ಡಿಕ್ಕಿಯಾಗಿ ಅಣ್ಣ ತೀರಿಕೊಂಡ. 38 ವರ್ಷ, ಟೈಲ್ಸ್ ಕೆಲಸ, ತಿಂಗಳಿಗೆ ಸುಮಾರು 15,000 ದುಡಿಯುತ್ತಿದ್ದ. ಅತ್ತಿಗೆ, ಇಬ್ಬರು ಮಕ್ಕಳು, ನಮ್ಮ ತಾಯಿ ಅವನನ್ನೇ ನಂಬಿದ್ದರು. ಲಾರಿ ಮಾಲೀಕರು 3 ಲಕ್ಷ ಕೊಡುತ್ತೇವೆ, ಕೇಸು ಬೇಡ ಎನ್ನುತ್ತಿದ್ದಾರೆ. ಒಪ್ಪಬಹುದೆ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಒಪ್ಪಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಯಾರ ತಪ್ಪೆಂದು ಸಾಬೀತು ಮಾಡದೆಯೂ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ಸಾವಿಗೆ 5 ಲಕ್ಷ ಇದೆ. ಚಾಲಕನ ನಿರ್ಲಕ್ಷ್ಯ ತೋರಿಸಬಲ್ಲಿರಾದರೆ 166ನೇ ಕಲಮಿನಡಿ ಪೂರ್ಣ ಪರಿಹಾರ ಕೇಳಬೇಕು.

ಲೆಕ್ಕ ಹೀಗೆ. ಸ್ವಂತ ದುಡಿಮೆಯವರು 40ರ ಒಳಗಿದ್ದರೆ ಆದಾಯಕ್ಕೆ 40% ಸೇರಿಸಬೇಕೆಂದು ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪು ಹೇಳುತ್ತದೆ: 21,000. ನಾಲ್ವರು ಅವಲಂಬಿತರಿದ್ದರೆ ಮೃತರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದು 15,750, ವರ್ಷಕ್ಕೆ 1,89,000. ಅದೇ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಂತೆ 36ರಿಂದ 40 ವಯಸ್ಸಿಗೆ ಗುಣಕ 15, ಅಂದರೆ ವರ್ಷದ ಮೊತ್ತವನ್ನು 15ರಿಂದ ಗುಣಿಸಬೇಕು. ಒಟ್ಟು 28,35,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಹೆಂಡತಿ ಮಕ್ಕಳು ತಾಯಿ ಪ್ರತಿಯೊಬ್ಬರ ಸಾಂಗತ್ಯ ನಷ್ಟದ (ಅವನ ಒಡನಾಟ, ಆಸರೆ ಕಳೆದುಕೊಂಡದ್ದರ) ಮೊತ್ತ ಇದರ ಮೇಲೆ.

ನಿಮ್ಮ ಕೇಸು ನಿಂತಿರುವುದು ಆದಾಯದ ಪುರಾವೆಯ ಮೇಲೆ. ಈ ಲೆಕ್ಕದಲ್ಲಿ ತಿಂಗಳ ಆದಾಯದ ಒಂದೊಂದು ಸಾವಿರ ಸಾಬೀತಾಗದೆ ಹೋದರೂ 1,89,000 ಕೈತಪ್ಪುತ್ತದೆ. ಸಂಬಳದ ಚೀಟಿ ಇಲ್ಲದಿದ್ದರೇನು, ಫೋನ್‌ಪೇ ಜಮೆಗಳು, ಬ್ಯಾಂಕ್ ಪಾಸ್‌ಬುಕ್, ಸಾಲದ ಕಂತು ಕಟ್ಟಿದ ದಾಖಲೆ, ಟೈಲ್ಸ್ ಅಂಗಡಿಯ ಬಿಲ್ಲುಗಳನ್ನು ಈಗಲೇ ತೆಗೆದಿಡಿ. ಕೆಲಸ ಕೊಟ್ಟಿದ್ದ ಇಬ್ಬರು ಗುತ್ತಿಗೆದಾರರು ಖುದ್ದಾಗಿ ಬಂದು ಸಾಕ್ಷಿ ನುಡಿದರೆ ಒಳ್ಳೆಯದು. ಬರೀ ಪತ್ರ ಬರೆದುಕೊಟ್ಟರೆ ಎದುರು ವಕೀಲರ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಏನೂ ಇಲ್ಲದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ.

ವಯಸ್ಸಿಗೆ ಶಾಲಾ ವರ್ಗಾವಣೆ ಪತ್ರ ಕೊಡಿ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಅಂದಾಜಿಗೆ 41 ಎಂದು ಬರೆದಿದ್ದು ಅದನ್ನೇ ಹಿಡಿದರೆ ಗುಣಕ 14ಕ್ಕೂ ಸೇರಿಸುವ ಪಾಲು 25%ಗೂ ಇಳಿದು 4,72,500 ನಷ್ಟ.

ಅತ್ತಿಗೆ, ಮಕ್ಕಳು, ತಾಯಿ ಎಲ್ಲರೂ ಅರ್ಜಿದಾರರಾಗಲಿ. ತಾಯಿಯನ್ನು ಬಿಟ್ಟು ಹಾಕಿದ ಅರ್ಜಿಗಳು ಎಷ್ಟೋ ಇವೆ. ಆಮೇಲೆ ಮನೆಯಲ್ಲೇ ಜಗಳ. ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಗಡುವು ಅಪಘಾತದ ದಿನದಿಂದ 6 ತಿಂಗಳು. ಪೊಲೀಸರೂ ನ್ಯಾಯಮಂಡಳಿಗೆ ಅಪಘಾತ ವರದಿ ಕಳಿಸಬೇಕು, ಆದರೆ ಅದನ್ನು ನೆಚ್ಚಿ ಕೂರಬೇಡಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಶವ ಪಂಚನಾಮೆ, ವಾಹನ ತಪಾಸಣಾ ವರದಿ, ದೋಷಾರೋಪ ಪಟ್ಟಿ, ಲಾರಿಯ ವಿಮಾ ಪಾಲಿಸಿ ಇವುಗಳ ದೃಢೀಕೃತ ನಕಲು ಪಡೆಯಿರಿ. ಅಣ್ಣನ ಜೀವವಿಮೆಯ ಹಣ ಬಂದಿದ್ದರೆ ಅದನ್ನು ಪರಿಹಾರದಿಂದ ಕಳೆಯುವಂತಿಲ್ಲ.

ಪ್ರಶ್ನೆ: ಅಪ್ಪ ಗಾಯಗೊಂಡು ಮೂರು ವಾರ ಆಸ್ಪತ್ರೆಯಲ್ಲಿದ್ದರು. ಮನೆಗೆ ಕರೆತಂದ ಮೇಲೆ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಮಾಡಿಸಲಿಲ್ಲ. ಸಾವಿಗೆ ಅಪಘಾತ ಕಾರಣವಲ್ಲ ಎಂದು ವಿಮಾ ಕಂಪನಿಯವರು ಹೇಳುತ್ತಿದ್ದಾರೆ.
– ಓದುಗರು, ತುಮಕೂರು

ಉತ್ತರ: ಈ ಬಗೆಯ ಕೇಸುಗಳು ಬೀಳುವುದು ಇಲ್ಲೇ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಆಸ್ಪತ್ರೆಯ ಪೂರ್ಣ ಕೇಸ್ ಶೀಟ್, ಸ್ಕ್ಯಾನ್ ವರದಿಗಳು, ಬಿಡುಗಡೆ ಸಾರಾಂಶ ತೆಗೆದುಕೊಳ್ಳಿ. ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಿ. ಗಾಯದಿಂದಲೇ ಸೋಂಕು ಅಥವಾ ರಕ್ತಸ್ರಾವವಾಗಿ ಸಾವು ಬಂತೆಂದು ಅವರ ಬಾಯಿಂದ ಬರಬೇಕು. ಠಾಣೆಗೆ ಸಾವಿನ ವಿಷಯ ಬರವಣಿಗೆಯಲ್ಲಿ ತಿಳಿಸಿ, ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ (ನಿರ್ಲಕ್ಷ್ಯದಿಂದ ಸಾವು) ಸೇರಿಸಲು ಕೇಳಿ. ಗಾಯದ ಕಲಮುಗಳಷ್ಟೇ ಉಳಿದರೆ ವಿಮಾ ಕಂಪನಿ ಅದನ್ನೇ ಎತ್ತಿ ತೋರಿಸುತ್ತದೆ.

ಪ್ರಶ್ನೆ: ಕಾರು ಹಿಂದಿನಿಂದ ಗುದ್ದಿ ನನ್ನ ತಮ್ಮ ತೀರಿಕೊಂಡ. ಅವನು ಹೆಲ್ಮೆಟ್ ಹಾಕಿರಲಿಲ್ಲ. ಪರಿಹಾರ ಸಿಗುವುದಿಲ್ಲವೆ?
– ಓದುಗರು, ಶಿವಮೊಗ್ಗ

ಉತ್ತರ: ಸಿಗುತ್ತದೆ. ಹಿಂದಿನಿಂದ ಗುದ್ದಿದ ಕಾರಿಗೆ ನಿಮ್ಮ ತಮ್ಮನ ತಲೆಯ ಮೇಲೆ ಹೆಲ್ಮೆಟ್ ಇತ್ತೇ ಇಲ್ಲವೇ ಎಂಬುದು ಕಾರಣವಾಗದು. ತಲೆಪೆಟ್ಟಿನಿಂದಲೇ ಸಾವಾಗಿದ್ದರೆ ಒಂದು ಪಾಲು ಕಡಿತವಾಗಬಹುದು, ಅಷ್ಟೆ.

ಪ್ರಶ್ನೆ: ಡಿಕ್ಕಿ ಹೊಡೆದ ವಾಹನ ಪತ್ತೆಯಾಗಲೇ ಇಲ್ಲ.
– ಓದುಗರು, ಕೊಪ್ಪಳ

ಉತ್ತರ: ಗುದ್ದಿ ಓಡಿದ ಪ್ರಕರಣಗಳಿಗೆ ಕೇಂದ್ರದ ಯೋಜನೆಯಡಿ ಸಾವಿಗೆ 2 ಲಕ್ಷ ಇದೆ, 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಈ ಮೊತ್ತ. ಅಪಘಾತ ನಡೆದ ತಾಲ್ಲೂಕಿನ ಕಂದಾಯ ಕಚೇರಿಯಲ್ಲಿ ವಿಚಾರಿಸಿ. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಗುರುತಿನ ಚೀಟಿ, ಬ್ಯಾಂಕ್ ಖಾತೆಯ ವಿವರ ಜೊತೆಗಿರಲಿ. ಮುಂದೆ ವಾಹನ ಸಿಕ್ಕಿ ನ್ಯಾಯಮಂಡಳಿಯಿಂದ ಪರಿಹಾರ ಬಂದರೆ ಈ 2 ಲಕ್ಷವನ್ನು ಅದರಲ್ಲಿ ಹೊಂದಿಸಲಾಗುತ್ತದೆ.